ಆರ್ಲಿಸ್ ಟಿಲ್ಲರಿಯ ಪರ್ಸು

ತಾಪತ್ರಯವೆಲ್ಲ ಶುರುವಾದದ್ದು 'ಟಿಂಗ್' ಎಂಬ ಒಂದು ಸದ್ದಿನಿಂದ.

ಆರ್ಲಿಸ್ ಟಿಲ್ಲರಿಯ ಮೊಣಕಾಲುಗಳ ನಡುವೆ ಕೂರುವ ಚಪ್ಪಟೆ ಡ್ರಮ್ಮು ಕೋಲು ಬಿದ್ದಾಗ 'ಥಪ್' ಅಂದು ಬಾಯಿ ಮುಚ್ಚಬೇಕಿತ್ತು. ಅದು 'ಥಪ್' ಅಂದ ಮೇಲೆ 'ಟಿಂಗ್' ಎಂದು ಬಾಲ ಎಳೆಯುತ್ತಿತ್ತು. ಮದುವೆ ಮನೆಗಳಲ್ಲಿ, ಚರ್ಚಿನ ನೆಲಮಾಳಿಗೆಯ ಊಟಗಳಲ್ಲಿ ಬಾರಿಸುವಾಗ ಈ ಬಾಲ ಯಾರ ಕಿವಿಗೂ ಬಿದ್ದಿರಲಿಲ್ಲ. ಆದರೆ 1974ರ ಜುಲೈ ತಿಂಗಳ ಆ ಶುಕ್ರವಾರ ಅವನು ಕೂತಿದ್ದದ್ದು ಡೇಟನ್ನಿನ ಮೂರನೇ ಬೀದಿಯ ಸ್ಟುಡಿಯೋದಲ್ಲಿ. ಹಳೇ ಶೂ ಅಂಗಡಿಯೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದ ಮಿಸ್ಟರ್ ಹಾಲಿಸ್ ಅವರ ಮೈಕುಗಳಿಗೆ ಇರುವೆ ನಡೆದರೂ ಕೇಳಿಸುತ್ತಿತ್ತು.

"ಆರ್ಲಿಸ್," ಎಂದರು ಹಾಲಿಸ್, ಗಾಜಿನ ಆಚೆಯಿಂದ ಎದ್ದು ಬಂದು. "ನೀನು ಹೊಡೆಯೋದ್ರಲ್ಲಿ ಒಂದೂ ತಪ್ಪಿಲ್ಲ ಕಣಯ್ಯಾ. ಅದೇ ತಪ್ಪು. ಫ್ಯಾಕ್ಟರಿ ಪ್ರೆಸ್ಸು ತಗಡು ಒತ್ತಿದ ಹಾಗೆ ಹೊಡೀತೀಯ. ಸಾಲದ್ದಕ್ಕೆ ಆ ಟಿಂಗು ಬೇರೆ."

ಅದು ಸುಳ್ಳೇನಲ್ಲ. ಆರ್ಲಿಸ್ ಹನ್ನೊಂದು ವರ್ಷದಿಂದ ಫ್ರಿಜ್ಜು ಮಾಡುವ ಕಾರ್ಖಾನೆಯಲ್ಲಿ ತಗಡು ಒತ್ತುತ್ತಿದ್ದ. ನಿಮಿಷಕ್ಕೆ ಹದಿನಾಲ್ಕು ಬಾಗಿಲು. ಆ ಲೆಕ್ಕ ಅವನ ಮಣಿಕಟ್ಟಿಗೇ ಇಳಿದುಬಿಟ್ಟಿತ್ತು.

"ಐದು ಗಂಟೆಗೆ ಸಿನ್ಸಿನಾಟಿಯಿಂದ ಗ್ರೇಡಿ ಫಾಂಟೇನ್ ಬರ್ತಿದ್ದಾರೆ," ಎಂದರು ಹಾಲಿಸ್. "ಅಷ್ಟರೊಳಗೆ ನೀನು ಸರಿಹೋದ್ರೆ ಈ ಸ್ಟೂಲು ನಿಂದು. ರೆಕಾರ್ಡಿನ ಎರಡೂ ಬದಿ, ಆಮೇಲೆ ಊರೂರು ತಿರುಗೋದು, ಎಲ್ಲಾ ನಿಂದೇ. ಇಲ್ಲಾಂದ್ರೆ ಅವರದ್ದು. ಬೇಜಾರು ಮಾಡ್ಕೋಬೇಡ."

ಆರ್ಲಿಸ್ ಬೇಜಾರು ಮಾಡಿಕೊಳ್ಳಲಿಲ್ಲ, ಬೆವರಿದ. ಈ ಸ್ಟೂಲು ಕೈತಪ್ಪಿದರೆ ಸೋಮವಾರ ಮತ್ತೆ ಬಾಗಿಲು ಒತ್ತಬೇಕು, ಪಿಂಚಣಿ ಬರುವವರೆಗೆ ಒತ್ತುತ್ತಲೇ ಇರಬೇಕು. ಅವನಿಗೆ ಮೂವತ್ತೊಂದು ವರ್ಷ. ಇಂಥ ಶುಕ್ರವಾರ ಇನ್ನೊಂದು ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಡಿನ ಹೆಸರು 'ಬುಧವಾರದ ಬಸ್ಸು'. ಬರೆದವನು, ಹಾಡುವವನು, ಗಿಟಾರನ್ನು ಊಳಿಡಿಸುವವನು ಡ್ವೇನ್ ಕೆಸ್ಲರ್, ನದಿಯ ಆಚೆ ದಂಡೆಯ ಬಿಳಿಯ. ಅದರ ಕೆಳಗೆ ಬೇಸ್ ಗಿಟಾರಿನ ದಪ್ಪ ತಂತಿ ಮಿಡಿಯುವವನು ಕ್ಲಿಯೋಫಸ್, ಎಲ್ಲರ ಬಾಯಲ್ಲಿ ಕ್ಲಿಯೋ, ನಮ್ಮ ಈಚೆ ದಂಡೆಯ ಕರಿಯ. ಡ್ವೇನನದು ರಾಕ್, ಎದೆ ಮುಂದಿಟ್ಟು ನುಗ್ಗುವ ಜಾತಿ. ಕ್ಲಿಯೋದು ಫಂಕ್, ನುಗ್ಗುವವನ ಅಂಗಿ ಹಿಡಿದು, ಅವಸರವೇನು, ಸೊಂಟ ಇದೆ ತಾನೇ ಎಂದು ಕೇಳುವ ಜಾತಿ. ಇವರಿಬ್ಬರನ್ನು ಒಂದೇ ಸೀಟಿನಲ್ಲಿ ಕೂರಿಸುವ ಕೆಲಸ ಡ್ರಮ್ಮಿನದು. ಆರ್ಲಿಸ್ ಬಾರಿಸುತ್ತಿದ್ದರೆ ಇಬ್ಬರೂ ಸೀಟಿನ ಎರಡು ತುದಿಯಲ್ಲಿ ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದರು.

ಸೆಖೆಗೆ ಸ್ಟುಡಿಯೋದ ಬಾಗಿಲು ತೆರೆದೇ ಇತ್ತು. ಫ್ಯಾನು ಹಾಕಿದರೆ ಮೈಕು ಅದನ್ನೇ ಹಾಡುತ್ತದೆ. ಹಾಗಾಗಿ 'ಟಿಂಗ್' ಬೀದಿಗೂ ಹೋಯಿತು, ಬೀದಿ ಒಳಗೂ ಬಂತು. ತಾಳದ ವಿಷಯದಲ್ಲಿ ಬಾಯಿ ಹಾಕದೆ ಸುಮ್ಮನಿರುವವರು ಆ ಬೀದಿಯಲ್ಲಿ ಹುಟ್ಟಿಲ್ಲ.

ಎಡಗಡೆಯ ಕ್ಷೌರದಂಗಡಿಯ ಪರ್ವಿಸ್ ಮೊದಲು ಬಂದ. ಅವನು ಚರ್ಚಿನ ಹಿರಿಯರಲ್ಲೊಬ್ಬ, ಡೀಕನ್ ಬೇರೆ, ಹಾಗಾಗಿ ಯಾವ ಮಾತನ್ನೂ ತೀರ್ಪಿನ ಹಾಗೇ ಹೇಳುತ್ತಿದ್ದ. "ಡ್ರಮ್ಮಿಗೆ ಜ್ವರ. ಬಿಸಿ ಟವಲ್ ಹಾಕಬೇಕು," ಎಂದು ಗಿರಾಕಿಯ ಮುಖದ ಮೇಲಿದ್ದ ಟವಲ್ಲನ್ನೇ ತಂದು ಹೊದಿಸಿದ. ಆರ್ಲಿಸ್ ಹೊಡೆದ. ಹಿಟ್ಟಿನ ಮುದ್ದೆಗೆ ಗುದ್ದಿದ ಹಾಗಾಯಿತು.

ಬಲಗಡೆಯ ಮೀನಿನಂಗಡಿಯ ಮಿಸ್ ಒಜೆಲ್ಲಾ ಬಾಣಲೆ ಹಿಡಿಯುವ ದಪ್ಪ ಬಟ್ಟೆಯೊಂದಿಗೆ ಬಂದರು. "ಸರಿಯಪ್ಪಾ ಆಚೆ. ಇದರಲ್ಲಿ ಇಪ್ಪತ್ತು ವರ್ಷದ ಎಣ್ಣೆ ಇದೆ, ಇದಕ್ಕೆ ಬಗ್ಗದ ಡ್ರಮ್ಮುಂಟಾ?" ಆ ಬಟ್ಟೆ ಮೂರು ಏಟು ಚೆನ್ನಾಗಿ ಕೆಲಸ ಮಾಡಿತು. ನಾಲ್ಕನೆಯದಕ್ಕೆ ಜಾರಿ ಆರ್ಲಿಸನ ತೊಡೆಯ ಮೇಲೆ ಬಿತ್ತು. ಕ್ಲಿಯೋ ತನ್ನ ಕಾಲುಚೀಲ ಕಳಚಿ ಕೊಟ್ಟ. ಅದರ ಸದ್ದು ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ, ಕೇಳಲು ಕೋಣೆಯಲ್ಲಿ ಯಾರೂ ಉಳಿದಿರಲಿಲ್ಲ.

ಗಂಟೆ ಹನ್ನೆರಡು ದಾಟಿತು. "ಹಳೇ ಉಪಾಯವೇ ಗತಿ," ಎಂದರು ಹಾಲಿಸ್. "ಎಲ್ಲರೂ ಪರ್ಸು ತೆಗೀರಿ."

ಡ್ರಮ್ಮಿನ ಮೇಲೆ ಪರ್ಸು ಇಟ್ಟು ಸದ್ದಿನ ಬಾಲ ಕತ್ತರಿಸುವುದು ಆ ಕಸುಬಿನಲ್ಲಿ ಎಲ್ಲರೂ ಬಲ್ಲ ಸಂಗತಿ. ಪರ್ಸು ದಪ್ಪವಿದ್ದಷ್ಟೂ ಒಳ್ಳೆಯದು. ಡ್ವೇನನ ಪರ್ಸು ಹಪ್ಪಳದಷ್ಟು ತೆಳ್ಳಗಿತ್ತು, ಟಿಂಗ್ ಇನ್ನಷ್ಟು ಜೋರಾಯಿತು. ಪರ್ವಿಸನ ಪರ್ಸು ಎರಡು ಏಟಿಗೆ ಹೊಲಿಗೆ ಬಿಟ್ಟಿತು. ಆಮೇಲೆ ಎಲ್ಲರ ಕಣ್ಣೂ ಆರ್ಲಿಸನ ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ಬಿತ್ತು. ಅಲ್ಲೊಂದು ಇಟ್ಟಿಗೆ ಇಟ್ಟುಕೊಂಡವನಂತೆ ಅವನು ಯಾವಾಗಲೂ ಒಂದು ಕಡೆ ವಾಲಿಕೊಂಡೇ ಕೂರುತ್ತಿದ್ದ.

"ನಂದು ಬೇಡ," ಎಂದ ಆರ್ಲಿಸ್.

"ಯಾಕೆ?"

"ಬೇಡ ಅಂದ್ನಲ್ಲ."

ಕಾರಣ ಇತ್ತು. ಆ ಪರ್ಸಿನಲ್ಲಿ ಯೂನಿಯನ್ ಕಾರ್ಡು, ಚರ್ಚಿನ ಕಾರ್ಡು, ಮೀನು ಹಿಡಿಯುವ ಪರವಾನಗಿ, ಯಾವ ಬೀಗದ್ದೆಂದು ಮರೆತುಹೋದ ಒಂದು ಕೀಲಿಕೈ, ದಪ್ಪ ರಟ್ಟಿಗೆ ಅಂಟಿಸಿದ ಅತ್ತೆಯ ಫೋಟೋ ಎಲ್ಲ ಇದ್ದವು. ಅವೆಲ್ಲದರ ಹಿಂದೆ, ಅತ್ಯಂತ ಒಳಗಿನ ಪದರದಲ್ಲಿ, ತೆಳು ಕಾಗದದೊಳಗೆ ಒಂದು ಒಣಗಿದ ಬಿಳಿ ಗಾರ್ಡೀನಿಯಾ ಹೂವಿತ್ತು. ಐದು ವರ್ಷದ ಹಿಂದೆ, ಮದುವೆಯ ದಿನ, ಅವನ ಹೆಂಡತಿ ವರ್ಡೆಲ್ ಮುಡಿದಿದ್ದ ಹೂ. ಇದು ಎಲ್ಲಿಯವರೆಗೆ ಪುಡಿಯಾಗದೆ ಇರುತ್ತದೋ ಅಲ್ಲಿಯವರೆಗೆ ನಾವಿಬ್ಬರೂ ಚೆನ್ನಾಗಿರುತ್ತೇವೆ ಎಂದು ಅವಳು ಅಂದು ಹೇಳಿದ್ದಳು. ಹೇಳಿ ಸುಮ್ಮನಾಗುವ ಹೆಂಗಸಲ್ಲ ಅವಳು. ಪ್ರತಿವರ್ಷ ಮದುವೆಯ ದಿನ ಪರ್ಸು ತೆಗೆಸಿ, ಕಾಗದ ಬಿಡಿಸಿ, ದಳ ಎಣಿಸುತ್ತಿದ್ದಳು.

ಇದನ್ನು ಆ ಕೋಣೆಯಲ್ಲಿ ಹೇಳುವ ಹಾಗಿರಲಿಲ್ಲ. ಹಿಂದೊಮ್ಮೆ ಊಟದ ಡಬ್ಬಿಯಲ್ಲಿ ವರ್ಡೆಲ್ 'ನನ್ನ ಜೇನುಗೂಡೇ' ಎಂದು ಬರೆದಿಟ್ಟಿದ್ದ ಚೀಟಿಯೊಂದು ಕ್ಲಿಯೋ ಕೈಗೆ ಸಿಕ್ಕಿ, ಆರು ತಿಂಗಳ ಕಾಲ ಇಡೀ ಬೀದಿ ಆರ್ಲಿಸನನ್ನು 'ಜೇನುಗೂಡು' ಎಂದು ಕರೆದಿತ್ತು.

"ಏನಿದೆ ಬ್ರದರ್ ಅದರೊಳಗೆ?" ಎಂದ ಪರ್ವಿಸ್, ದನಿ ತಗ್ಗಿಸಿ. "ಇನ್ನೊಂದು ಮನೆಯ ವಿಳಾಸವಾ?"

"ವರ್ಡೆಲ್‌ಗೆ ಒಂದು ಫೋನ್ ಹಾಕ್ಲಾ?" ಎಂದರು ಮಿಸ್ ಒಜೆಲ್ಲಾ. "ಅವಳನ್ನೇ ಕೇಳಿದ್ರಾಯ್ತು."

ಆರ್ಲಿಸ್ ಪರ್ಸು ತೆಗೆದುಕೊಟ್ಟ.

ಹಾಲಿಸ್ ಅದನ್ನು ಡ್ರಮ್ಮಿನ ನಡುವೆ ಇಟ್ಟು ನಾಲ್ಕು ಕಡೆಯೂ ಅಂಟು ಟೇಪು ಸುತ್ತಿದರು. ಏಟು ಹಾಕಲು ಉಳಿದದ್ದು ಅಂಚಿನ ಎರಡು ಬೆರಳಷ್ಟು ಜಾಗ. ಡ್ವೇನ್ ಒಂದು, ಎರಡು ಎಂದು ಎಣಿಸಿದ, ಹಾಡು ಶುರುವಾಯಿತು.

ಆರ್ಲಿಸ್ ಎಂದಿನಂತೆಯೇ ಕೋಲು ಎತ್ತಿದ. ಕೋಲು ಎಂದಿನ ವೇಗದಲ್ಲೇ ಕೆಳಗೆ ಹೊರಟಿತು. ಅರ್ಧ ದಾರಿಯಲ್ಲಿ ಅವನ ಕಣ್ಣಿಗೆ ಆ ಹೂವಿನ ದಳಗಳು ಕಂಡವು, ವರ್ಡೆಲ್ಲಳ ಬೆರಳು ಕಂಡಿತು. ಮಣಿಕಟ್ಟು ತಾನಾಗಿ ಹಿಂದಕ್ಕೆ ಎಳೆಯಿತು. ಕೋಲು ಕೂದಲೆಳೆಯಷ್ಟು ತಡವಾಗಿ, ಪರ್ಸಿನ ಪಕ್ಕದಲ್ಲಿ, ಮೆತ್ತಗೆ ಬಿತ್ತು.

ಥಪ್.

ಟಿಂಗ್ ಇರಲಿಲ್ಲ. ಆದರೆ ಟಿಂಗ್ ಯಾರಿಗೆ ನೆನಪಿತ್ತು? ಆ ಕೂದಲೆಳೆಯಷ್ಟು ತಡದಲ್ಲಿ ಕ್ಲಿಯೋನ ಬೇಸು ಆರಾಮಾಗಿ ಕಾಲು ಚಾಚಿ ಕೂತಿತು. ಡ್ವೇನನ ಗಿಟಾರು ನುಗ್ಗಲು ಹೋಗಿ, ನುಗ್ಗುವ ಅಗತ್ಯವೇ ಇಲ್ಲವೆಂದು ತಿಳಿದು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಿತು. ಬಾಗಿಲಲ್ಲಿ ನಿಂತಿದ್ದ ಮಿಸ್ ಒಜೆಲ್ಲಾ ಅವರ ಎಡಭುಜ ಅವರನ್ನು ಕೇಳದೆ ಕುಣಿಯತೊಡಗಿತು. ಅದೇನು ಚಂದ ಎಂದು ಹೇಳಲಿ. ಇವತ್ತಿಗೂ ಆ ಹಾಡು ಎಲ್ಲಿ ಕೇಳಿದರೂ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ.

ಹಾಲಿಸ್ ಗಾಜಿನ ಆಚೆ ಎದ್ದು ನಿಂತಿದ್ದರು. ಡ್ವೇನ್ ಮಾತ್ರ ಸಂತೋಷ ತಡೆಯಲಾರದೆ ನಡುವೆ ನಕ್ಕುಬಿಟ್ಟು ರೆಕಾರ್ಡಿಂಗು ಹಾಳುಮಾಡಿದ.

"ಮತ್ತೆ ಮಾಡೋಣ," ಎಂದರು ಹಾಲಿಸ್. "ಒಂದು ಮಾತು. ಯಾರೂ ಆ ಪರ್ಸು ಮುಟ್ಟಕೂಡದು. ದೇವರಾಣೆ, ಮುಟ್ಟಕೂಡದು."

ಊಟದ ಹೊತ್ತಿನಲ್ಲಿ ಎಲ್ಲರೂ ಕರಿದ ಮೀನು ತಿನ್ನಲು ಹೊರಟಾಗ ಆರ್ಲಿಸ್ ಹಿಂದೆ ಉಳಿದ. ಆ ಹೂವನ್ನು ಮಾತ್ರ ಮೆಲ್ಲಗೆ ಎಳೆದುಕೊಂಡರೆ ಸಾಕಿತ್ತು. ಉಗುರಿನಿಂದ ಟೇಪಿನ ತುದಿ ಎಬ್ಬಿಸಿದ.

"ಕೈ ತೆಗಿ," ಎಂಬ ಮಾತು ಬಂತು. ಪರ್ವಿಸ್ ತನ್ನ ಕ್ಷೌರದ ಕುರ್ಚಿಯನ್ನೇ ಒಳಗೆ ತಳ್ಳಿಕೊಂಡು ಬಂದು ಬಾಗಿಲ ಪಕ್ಕ ಕೂತಿದ್ದ. "ನನ್ನನ್ನ ಕಾವಲಿಗೆ ಹಾಕಿದ್ದಾರೆ. ನಿನ್ನಿಂದಲೇ ಕಾಪಾಡಬೇಕಾಗುತ್ತೆ ಅಂತ ಗೊತ್ತಿರಲಿಲ್ಲ."

"ನನ್ನ ಪರ್ಸು ಕಣಯ್ಯಾ ಅದು."

"ಬೆಳಿಗ್ಗೆ ತನಕ ನಿನ್ನದು. ಈಗ ಅದು ಸಂಗೀತದ್ದು."

ಎರಡು ಗಂಟೆಗೆ ಆರ್ಲಿಸ್ ಇನ್ನೊಂದು ದಾರಿ ಹಿಡಿದ. ಯೂನಿಯನ್ ಕಾರ್ಡು ನೋಡಬೇಕಿತ್ತು, ಅದರ ನಂಬರು ಮರೆತುಹೋಗಿದೆ ಎಂದ. ಹಾಲಿಸ್ ತಾವೇ ಬಂದು, ಶಸ್ತ್ರಚಿಕಿತ್ಸೆ ಮಾಡುವವರಂತೆ ಎರಡು ಬೆರಳು ತೂರಿಸಿ, ಕಾರ್ಡು ತೆಗೆದು ನಂಬರು ಓದಿ ಹೇಳಿ, ವಾಪಸ್ಸು ಇಟ್ಟರು. ಆ ಎರಡು ಬೆರಳು ಒಳಗೆ ಹೋದಷ್ಟು ಹೊತ್ತೂ ಆರ್ಲಿಸ್ ಉಸಿರು ಬಿಡಲಿಲ್ಲ.

ಮುಂದಿನ ಸಲ ಬಾರಿಸಿದಾಗ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಏಟೇ ಸರಿಯಾಗಿ ಬೀಳಲಿಲ್ಲ. "ಸದ್ದು ಬದಲಾಯ್ತು," ಎಂದ ಡ್ವೇನ್. "ಕಾರ್ಡು ಇಡುವಾಗ ಏನೋ ಅದಲುಬದಲಾಗಿದೆ."

ಪರ್ವಿಸ್ ಬಗ್ಗಿ ಪರ್ಸಿನ ಸಂದಿಯೊಳಗೆ ನೋಡಿದ. "ಅತ್ತೆ ಫೋಟೋ ಮೇಲ್ಮುಖ ಆಗಿದೆ."

"ಮುಂಚೆ ಹೇಗಿತ್ತು?"

"ಯಾರು ನೋಡಿದ್ರು?"

"ಆ ಹೆಂಗಸು ನಂಗೆ ಗೊತ್ತು," ಎಂದರು ಮಿಸ್ ಒಜೆಲ್ಲಾ. "ಮುಖ ಮೇಲಿದ್ರೆ ಸುಮ್ನಿರೋಳಲ್ಲ. ಕವುಚಿ ಹಾಕಿ."

ಆರ್ಲಿಸನ ಅತ್ತೆಯನ್ನು ಕವುಚಿ ಹಾಕಬೇಕೇ ಬೇಡವೇ ಎಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಅಷ್ಟರಲ್ಲಿ ಅವನ ಕೈ ನಡುಕ ಹದಕ್ಕೆ ಬಂದಿತ್ತು. ಫೋಟೋ ಕವುಚಿ ಹಾಕಿದ ಮೇಲೆ ಬಾರಿಸಿದಾಗ ಮೊದಲಿನ ಸೊಗಸು ವಾಪಸ್ಸು ಬಂತು. ನೋಡಿದ್ರಾ, ಎಂಬಂತೆ ಮಿಸ್ ಒಜೆಲ್ಲಾ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

ಆದರೂ ಹಾಡು ಮುಗಿಯುತ್ತಿರಲಿಲ್ಲ. ಒಮ್ಮೆ ಕ್ಲಿಯೋನ ತಂತಿ ಕಡಿಯಿತು. ಒಮ್ಮೆ ಪರ್ವಿಸ್ ಸೀನಿದ. ನಾಲ್ಕೂಕಾಲಾಯಿತು. ನಾಲ್ಕೂ ಇಪ್ಪತ್ತೈದಕ್ಕೆ ಹದಿನೇಳನೇ ಸಲ ಟೇಪು ತಿರುಗತೊಡಗಿತು.

ಎರಡು ಚರಣ ನೀರಿನಂತೆ ಹರಿದವು. ಎರಡನೇ ಪಲ್ಲವಿಗೆ ಮುಂಚೆ ಬೆವರಿಗೆ ಕೋಲು ಜಾರಿ, ನೇರವಾಗಿ ಪರ್ಸಿನ ಮೇಲೆ ಬಿತ್ತು. ಒಳಗಿನಿಂದ ಏನೋ ಮುರಿದ ಹಾಗೆ ಕರಕ್ ಎಂದಿತು.

ಆರ್ಲಿಸನ ಎದೆ ನಿಂತಿತು, ಕೈಕಾಲೂ ನಿಂತವು. ಡ್ರಮ್ಮು ನಿಂತದ್ದು ನೋಡಿ ಕ್ಲಿಯೋ ನಿಲ್ಲಿಸಿದ. ಹಾಡಲು ಬಾಯಿ ತೆರೆದಿದ್ದ ಡ್ವೇನ್ ಹಾಗೇ ಬಾಯಿ ಮುಚ್ಚಿದ. ಇಡೀ ಕೋಣೆ ಒಂದು ದೀರ್ಘ ಕ್ಷಣ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ತೆರೆದ ಬಾಗಿಲ ಆಚೆ, ಮೂರನೇ ಬೀದಿಯ ಸ್ಟಾಪಿನಲ್ಲಿ ಬಸ್ಸೊಂದು ನಿಂತು ಬ್ರೇಕಿನ ಉಸಿರು ಬಿಟ್ಟಿತು. ಆಗ ಆರ್ಲಿಸನಿಗೆ ಸ್ಟೂಲು ನೆನಪಾಯಿತು, ಐದು ಗಂಟೆ ನೆನಪಾಯಿತು. ಎರಡು ಕೈ, ಎರಡು ಕಾಲು ಒಟ್ಟಿಗೇ ಹಾಕಿ ಅವನು ಹಾಡಿನೊಳಗೆ ಧುಮುಕಿದ. ಹಿಂದೆಯೇ ಇಬ್ಬರೂ ಧುಮುಕಿದರು.

ಆ ಹಾಡು ಬಲ್ಲವರಿಗೆ ಆ ಜಾಗ ಗೊತ್ತು. ಇವತ್ತಿಗೂ ಮದುವೆ ಮನೆಗಳಲ್ಲಿ ಅಜ್ಜಿಯಂದಿರು, ಮೊಮ್ಮಕ್ಕಳು ಎಲ್ಲ ಅಲ್ಲಿಗೆ ಬಂದಾಗ ಒಂದು ಕಾಲು ಎತ್ತಿ ನಿಂತು, ಬಸ್ಸು ಉಸಿರು ಬಿಡುವುದನ್ನು ಕಾದು, ಆಮೇಲೆ ಕಾಲು ಇಡುತ್ತಾರೆ. ಅದನ್ನು ಯಾರು ಹೇಗೆ ಯೋಚಿಸಿ ಮಾಡಿದರು ಎಂದು ದೊಡ್ಡ ದೊಡ್ಡ ಲೇಖನಗಳು ಬಂದಿವೆ.

ಹಾಲಿಸ್ ಹೊರಗೆ ಬಂದು ಬಗ್ಗಿ ಪರ್ಸಿಗೆ ಮುತ್ತಿಟ್ಟರು.

ಐದಕ್ಕೆ ಹತ್ತು ನಿಮಿಷ ಇರುವಾಗ ಗ್ರೇಡಿ ಫಾಂಟೇನ್ ಬಂದರು. ಅರವತ್ತರ ಸಮೀಪದ ಮನುಷ್ಯ, ತಲೆಯ ಮೇಲೆ ಬೂದು ಟೋಪಿ, ಕಂಕುಳಲ್ಲಿ ಕೋಲುಗಳ ಚರ್ಮದ ಚೀಲ. ಹಾಲಿಸ್ ಅವರಿಗೆ ಹಾಡು ಕೇಳಿಸಿದರು. ಗ್ರೇಡಿ ಮತ್ತೊಮ್ಮೆ ಹಾಕಿ ಎಂದರು. ಮೂರನೇ ಸಲ ಕಣ್ಣು ಮುಚ್ಚಿ ಕೇಳಿದರು.

"ಇದನ್ನ ಬಾರಿಸಿದವರು ಇರೋವಾಗ ನನ್ನನ್ನ ಯಾಕೆ ಕರೆಸಿದ್ರಿ?" ಎಂದರು.

"ಎಲ್ಲಾ ಪರ್ಸಿನ ಮಹಿಮೆ," ಎಂದರು ಹಾಲಿಸ್.

"ಪರ್ಸು ಡ್ರಮ್ಮಿನ ಬಾಯಿ ಮುಚ್ಚುತ್ತೆ ಸ್ವಾಮಿ, ಕೈ ಹಿಡಿಯಲ್ಲ. ಈ ಮನುಷ್ಯ ಪ್ರತಿ ಏಟಿಗೂ ಮುಂಚೆ ಕ್ಷಮೆ ಕೇಳಿ ಹೊಡೀತಿದ್ದಾರೆ. ಆ ಕ್ಷಮೆ ಕೇಳೋ ಜಾಗ ಇದೆಯಲ್ಲ, ಅದನ್ನ ನಾನು ನಲವತ್ತು ವರ್ಷದಿಂದ ಹುಡುಕ್ತಿದ್ದೀನಿ." ಗ್ರೇಡಿ ಆರ್ಲಿಸನ ಕೈ ಹಿಡಿದು ಕುಲುಕಿದರು. "ನನ್ನ ಬಸ್ಸು ಏಳು ಗಂಟೆಗೆ. ಅಭ್ಯಂತರ ಇಲ್ಲದಿದ್ರೆ ಕೂತು ಕೇಳ್ತೀನಿ."

"ಮುಗೀತು," ಎಂದರು ಹಾಲಿಸ್. "ಸ್ಟೂಲು ನಿಂದು ಆರ್ಲಿಸ್. ಈಗ ಎರಡನೇ ಬದಿಯ ಹಾಡು ಒಂದು ಮುಗಿಸಿಬಿಡೋಣ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಆರ್ಲಿಸ್ ವಾಲದೆ ನೆಟ್ಟಗೆ ಕೂತ. ಅದೇ ಹೊತ್ತಿಗೆ ಬಾಗಿಲಲ್ಲಿ ಊಟದ ಬುಟ್ಟಿ ಹಿಡಿದು ವರ್ಡೆಲ್ ಕಾಣಿಸಿಕೊಂಡಳು. ಒಳಗೆ ಬಂದವಳ ಕಣ್ಣು ಮೊದಲು ಗಂಡನ ಮೇಲೆ, ಆಮೇಲೆ ಡ್ರಮ್ಮಿನ ಮೇಲಿನ ಪರ್ಸಿನ ಮೇಲೆ ಹೋಯಿತು.

ಆರ್ಲಿಸನಿಗೆ ತಡೆಯಲಾಗಲಿಲ್ಲ. "ಹೂ ಅದರೊಳಗೇ ಇದೆ ವರ್ಡೆಲ್," ಎಂದುಬಿಟ್ಟ, ಎಲ್ಲರೆದುರು. "ನಾನು ಬೇಡ ಅಂದೆ. ಇವರು ಕೇಳಲಿಲ್ಲ. ಇಡೀ ದಿನ ಒಂದೊಂದು ಏಟಿಗೂ ಜೀವ ಕೈಯಲ್ಲಿ ಹಿಡ್ಕೊಂಡು ಹೊಡೆದೆ. ಒಂದೇ ಒಂದು ಸಲ ಕೋಲು ಜಾರಿತು. ಕರಕ್ ಅಂತು. ಪುಡಿಯಾಗಿದ್ರೆ ನನ್ನ ತಪ್ಪು."

ಯಾವ ಹೂ ಎಂದು ಮಿಸ್ ಒಜೆಲ್ಲಾ ಪಿಸುಗುಟ್ಟಿದರು. ಮದುವೆಯ ಹೂ ಎಂದು ಪರ್ವಿಸ್ ಪಿಸುಗುಟ್ಟಿದ, ಅವನಿಗೆ ಹೇಗೆ ಹೊಳೆಯಿತೋ. ಕ್ಲಿಯೋ ಕೂಡ ನಗಲಿಲ್ಲ.

ನಕ್ಕದ್ದು ವರ್ಡೆಲ್. ಬುಟ್ಟಿ ಕೆಳಗಿಟ್ಟು, ಗೋಡೆಗೆ ಕೈಕೊಟ್ಟು ನಕ್ಕಳು. "ಅಯ್ಯೋ ನನ್ನ ಜೇನುಗೂಡೇ. ಆ ಹೂ ಈಸ್ಟರ್ ಹಬ್ಬದಿಂದ ಮನೆ ಬೈಬಲ್ಲಿನಲ್ಲಿದೆ. ದಿನಾ ಅದರ ಮೇಲೆ ಕೂರ್ತೀಯ, ಯಾವತ್ತಾದ್ರೂ ಪುಡಿ ಮಾಡ್ತೀಯ ಅಂತ ನಾನೇ ತೆಗೆದಿಟ್ಟೆ. ನಿಂಗೆ ಗೊತ್ತಾಗಬಾರದು ಅಂತ ಮಿಸ್ ಒಜೆಲ್ಲಾ ಅಂಗಡಿ ನ್ಯಾಪ್ಕಿನ್ನು ಮಡಚಿ ಇಟ್ಟಿದ್ದೆ." ಅವಳೇ ಟೇಪು ಬಿಚ್ಚಿ, ಪರ್ಸಿನ ಒಳಪದರದಿಂದ ಎಣ್ಣೆ ಕಲೆಯ ಒಂದು ಕಾಗದ ಎಳೆದು ತೋರಿಸಿದಳು. ಕರಕ್ ಎಂದದ್ದು ಅತ್ತೆಯ ರಟ್ಟು. ಟೋಪಿಯಿಂದ ಗಲ್ಲದವರೆಗೆ ಒಂದು ಬಿರುಕು ಬಿಟ್ಟಿತ್ತು.

ಆರ್ಲಿಸ್ ಅವಳನ್ನು ಎಲ್ಲರೆದುರು ತಬ್ಬಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಲಿಸ್ ಪರ್ಸನ್ನು ಇದ್ದ ಹಾಗೇ, ಅತ್ತೆ ಕವುಚಿ, ನ್ಯಾಪ್ಕಿನ್ ಸಮೇತ, ಮತ್ತೆ ಡ್ರಮ್ಮಿಗೆ ಅಂಟಿಸಿದರು. ಎರಡನೇ ಹಾಡು ಶುರುವಾಯಿತು.

ಆರ್ಲಿಸ್ ಕೋಲು ಎತ್ತಿದ. ಮನಸ್ಸು ಹಗುರವಾಗಿತ್ತು. ಕೋಲು ಹೊರಟ ವೇಗದಲ್ಲೇ, ಯಾವ ಅಡ್ಡಿಯೂ ಇಲ್ಲದೆ, ಸರಿಯಾದ ಹೊತ್ತಿಗೆ ಸರಿಯಾಗಿ ಬಿತ್ತು. ಥಪ್. ಥಪ್. ಥಪ್. ನಿಮಿಷಕ್ಕೆ ಇಷ್ಟು ಎಂದು ಎಣಿಸಿ ಇಟ್ಟ ಹಾಗೆ.

ಡ್ವೇನ್ ನಿಲ್ಲಿಸಿದ. ಮತ್ತೆ ಶುರುಮಾಡಿದರು. ಮತ್ತೆ ನಿಲ್ಲಿಸಿದರು.

"ಆಗಿನ ಥರ ಭಯಪಡಯ್ಯಾ," ಎಂದರು ಹಾಲಿಸ್.

"ಯಾವುದಕ್ಕೆ ಪಡಲಿ ಸಾರ್?" ಎಂದ ಆರ್ಲಿಸ್. "ನ್ಯಾಪ್ಕಿನ್ನಿಗಾ?"

ಕ್ಲಿಯೋ ತನ್ನ ಕೈಗಡಿಯಾರ ಬಿಚ್ಚಿ ಪರ್ಸಿನ ಮೇಲಿಟ್ಟ. ಅಪ್ಪ ಕೊಟ್ಟದ್ದು, ಜೋಪಾನ ಎಂದ. ಆರ್ಲಿಸ್ ಜೋಪಾನ ಮಾಡಲು ತುಂಬ ಪ್ರಯತ್ನಪಟ್ಟ. ಎಂಟನೇ ಏಟಿಗೆ, ಕೂದಲೆಳೆಯಷ್ಟೂ ತಡವಿಲ್ಲದೆ, ಅದರ ಗಾಜು ಒಡೆದ. ಮನೆಗೆ ಹೋಗಿ ಆ ಹೂ ತರುತ್ತೀಯಾ ತಾಯಿ ಎಂದು ಹಾಲಿಸ್ ವರ್ಡೆಲ್ಲಳನ್ನು ಕೈಮುಗಿಯುವ ಹಾಗೆ ಕೇಳಿದರು.

"ನನ್ನ ಮದುವೆ ಹೂವನ್ನ ತಂದು ಕೋಲಿನ ಕೆಳಗೆ ಇಡಬೇಕಾ?" ಎಂದಳು ವರ್ಡೆಲ್. "ನಿಮ್ಮ ಮನೇಲಿ ಹೆಂಗಸರಿಲ್ವಾ?"

ಆರೂವರೆಯಾಯಿತು. ಹಾಲಿಸ್ ಗ್ರೇಡಿಯವರ ಕಡೆ ನೋಡಿದರು. ಗ್ರೇಡಿ ಎದ್ದು ಆರ್ಲಿಸನ ಹತ್ತಿರ ಬಂದು, ಟೋಪಿ ತೆಗೆದು, "ನೀವು ಹೂಂ ಅಂದ್ರೆ ಮಾತ್ರ," ಎಂದರು. ಆರ್ಲಿಸ್ ಹೂಂ ಎಂದು ಸ್ಟೂಲಿನಿಂದ ಎದ್ದ.

ಗ್ರೇಡಿ ಫಾಂಟೇನ್ ಎರಡನೇ ಬದಿ ಬಾರಿಸಿದರು, ಆ ವರ್ಷವೆಲ್ಲ ಊರೂರು ತಿರುಗಿದರು. ಪ್ರತಿ ಊರಿನಲ್ಲೂ 'ಬುಧವಾರದ ಬಸ್ಸು' ಬಾರಿಸುವ ಮುಂಚೆ, ಇದು ನನ್ನದಲ್ಲ, ಡೇಟನ್ನಿನ ಆರ್ಲಿಸ್ ಟಿಲ್ಲರಿಯದು ಎಂದು ಹೇಳುತ್ತಿದ್ದರಂತೆ. ದೊಡ್ಡವರ ವಿನಯ ಎಂದುಕೊಂಡು ಜನ ನಗುತ್ತಿದ್ದರಂತೆ.

ಅಂದು ಸಂಜೆ ಗಂಡ ಹೆಂಡತಿ ಮೂರನೇ ಬೀದಿಯಲ್ಲಿ ನಡೆದುಕೊಂಡೇ ಮನೆಗೆ ಹೊರಟರು. ಕೋಲುಗಳು ಆರ್ಲಿಸನ ಕೈಯಲ್ಲಿದ್ದವು, ಬುಟ್ಟಿ ವರ್ಡೆಲ್ಲಳ ಕೈಯಲ್ಲಿತ್ತು. ಎರಡು ಬೀದಿ ದಾಟಿದ ಮೇಲೆ ವರ್ಡೆಲ್ ಅವನ ತೋಳು ಹಿಡಿದಳು.

"ಒಂದು ಮಾತು ಹೇಳ್ತೀನಿ, ನನ್ನಾಣೆಗೂ ಸುಳ್ಳಲ್ಲ," ಎಂದಳು. "ಆ ಮೊದಲನೇ ಹಾಡು ಈಗ ಕೊನೇಲಿ ಅವರು ಹಾಕಿದ್ರಲ್ಲ, ಕೇಳಿದೆ. ಅದರಲ್ಲಿ ನೀನು ತಡವರಿಸ್ತಿದ್ದೆ. ಎರಡನೇದು ಎಷ್ಟು ಚೆನ್ನಾಗಿ ಹೊಡೆದೆ ಗೊತ್ತಾ. ಒಂದು ಏಟೂ ತಪ್ಪಲಿಲ್ಲ."

ಆರ್ಲಿಸ್ ಹೌದೆಂದು ತಲೆಯಾಡಿಸಿದ. ಸೋಮವಾರ ಬೆಳಗಿನ ಪಾಳಿಗೆ ಆರು ಗಂಟೆಗೇ ಎಬ್ಬಿಸು ಎಂದು ಹೇಳಿದ.